ಅಟ್ಲಾಂಟಾದಿಂದ ಜಾಕ್ಸನ್‌ವರೆಗೆ: ಫ್ರೀಡಂ ರೈಡರ್ಸ್ ಹೋದ ದಾರಿ

ಬುಧವಾರ, ಅಟ್ಲಾಂಟಾ

1961ರ ಮೇ 4ರಂದು ವಾಷಿಂಗ್ಟನ್‌ನಿಂದ ದಕ್ಷಿಣಕ್ಕೆ ಎರಡು ಬಸ್ಸು ಹೊರಟವು. ಒಂದು ಗ್ರೇಹೌಂಡ್, ಇನ್ನೊಂದು ಟ್ರೈಲ್‌ವೇಸ್. ಮಾಮೂಲಿ ಪ್ರಯಾಣಿಕರ ನಡುವೆ 13 ಜನ ಟಿಕೆಟ್ ತಗೊಂಡು ಕೂತಿದ್ದರು. ಏಳು ಜನ ಕಪ್ಪುವರ್ಣದವರು, ಆರು ಜನ ಬಿಳಿಯರು. ಕಪ್ಪುವರ್ಣದವರು ಮುಂದಿನ ಸೀಟಿನಲ್ಲಿ ಕೂರುವುದು, ಬಿಳಿಯರು ಹಿಂದೆ ಕೂರುವುದು, ಒಂದಿಬ್ಬರು ಜೋಡಿಯಾಗಿ ಪಕ್ಕಪಕ್ಕ ಕೂರುವುದು. ನಿಲ್ದಾಣ ಬಂದಾಗ 'ಬಿಳಿಯರಿಗೆ ಮಾತ್ರ' ಎಂದು ಬೋರ್ಡ್ ಇರುವ ಕೋಣೆಗೆ ಹೋಗಿ ಕಾಫಿ ಕೇಳುವುದು. ಫ್ರೀಡಂ ರೈಡರ್ಸ್ ಎಂದು ಹೆಸರಾದ ಇವರ ಚಳವಳಿ ಇಷ್ಟೇ. ಮೇ 17ಕ್ಕೆ ನ್ಯೂ ಆರ್ಲಿಯನ್ಸ್ ಸೇರುವ ಲೆಕ್ಕವಿತ್ತು. ಆ ಬಸ್ಸುಗಳು ಸೇರಲಿಲ್ಲ.

ನನ್ನನ್ನು ಈ ದಾರಿಗೆ ಎಳೆದದ್ದು ಒಂದು ಸಣ್ಣ ವಿಷಯ. ಈ ಜನ ಯಾವ ಕಾನೂನನ್ನೂ ಮುರಿಯಲಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಬಸ್ಸಿನಲ್ಲಿ ಬಣ್ಣ ನೋಡಿ ಸೀಟು ಕೊಡಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1946ರಲ್ಲೇ, ಐರೀನ್ ಮಾರ್ಗನ್ ಎಂಬ ಹೆಂಗಸಿನ ಕೇಸಿನಲ್ಲಿ, ಹೇಳಿಯಾಗಿತ್ತು. 1960ರ ಡಿಸೆಂಬರಿನಲ್ಲಿ ನಿಲ್ದಾಣದ ಹೋಟೆಲ್ಲು, ಕಾಯುವ ಕೋಣೆಗೂ ಅದೇ ಮಾತು ಅನ್ವಯಿಸುತ್ತದೆ ಎಂದಿತ್ತು. ತೀರ್ಪು ಇತ್ತು. ಬೋರ್ಡೂ ಇತ್ತು. ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಆದೇಶ ಹೊರಡುವುದು ಬೇರೆ, ಅದು ಊರು ಮುಟ್ಟುವುದು ಬೇರೆ.

ವಾಷಿಂಗ್ಟನ್‌ನಿಂದಲೇ ಹೊರಡುವ ಆಸೆಯಿತ್ತು. ಆದರೆ ಕಾರು ಓಡಿಸುವವನು ತಂಗಿಯ ಮಗ, ಅವನ ರಜೆ ಎಷ್ಟೋ ಅಷ್ಟೇ ನನ್ನ ಪ್ರವಾಸ. ಹಾಗಾಗಿ ಅವನ ಊರು ಅಟ್ಲಾಂಟಾದಿಂದ ಶುರು. "ದೊಡ್ಡಮ್ಮ, ಎಲ್ರೂ ಡಿಸ್ನಿ ನೋಡ್ಬೇಕು ಅಂತಾರೆ. ನೀನು ಬಸ್ ಸ್ಟ್ಯಾಂಡ್ ನೋಡ್ತೀನಿ ಅಂತೀಯಲ್ಲ" ಎಂದು ನಕ್ಕ. ನಕ್ಕರೂ ಬಂದ.

ಆಬರ್ನ್ ಅವೆನ್ಯೂದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ, ಅವರ ಚರ್ಚು, ನೀರಿನ ಕೊಳದ ನಡುವೆ ಅವರ ಮತ್ತು ಕೊರೆಟಾ ಅವರ ಸಮಾಧಿ. ಹತ್ತಿರದಲ್ಲೇ ಭಾರತ ಸರ್ಕಾರ ಕೊಟ್ಟ ಗಾಂಧಿ ಪ್ರತಿಮೆಯಿದೆ. ನಮ್ಮವರು ಯಾರು ಬಂದರೂ ಮೊದಲು ಅಲ್ಲಿಗೇ ಓಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ಆದರೆ ಗಾಂಧಿ ಇಲ್ಲಿಗೆ ಪ್ರತಿಮೆಯಾಗಿ ಬರುವ ಎಷ್ಟೋ ಮೊದಲೇ ಪಾಠವಾಗಿ ಬಂದಿದ್ದರು. ಆ ಪಾಠ ತಂದವರಲ್ಲಿ ಜೇಮ್ಸ್ ಲಾಸನ್ ಮುಖ್ಯರು. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರುವುದಿಲ್ಲ ಎಂದು ಜೈಲಿಗೆ ಹೋದವರು. ಆಮೇಲೆ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದರು. ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಸುದ್ದಿಯನ್ನು ಅವರು ಓದಿದ್ದು ನಾಗಪುರದ ಪತ್ರಿಕೆಯಲ್ಲಿ.

ಊರಿಗೆ ಮರಳಿದ ಮೇಲೆ ಲಾಸನ್ ನ್ಯಾಶ್‌ವಿಲ್‌ನ ಚರ್ಚೊಂದರ ನೆಲಮಾಳಿಗೆಯಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಭಾಷಣವಲ್ಲ, ನಾಟಕದ ರಿಹರ್ಸಲ್ ಥರ. ಒಬ್ಬ ಕುರ್ಚಿಯಲ್ಲಿ ಕೂರಬೇಕು. ಉಳಿದವರು ಬೈಯಬೇಕು, ಕೂದಲು ಜಗ್ಗಬೇಕು, ಮುಖಕ್ಕೆ ಸಿಗರೇಟು ಹೊಗೆ ಬಿಡಬೇಕು, ಕೆಳಗೆ ಬೀಳಿಸಬೇಕು. ಬಿದ್ದವನು ತಲೆಗೆ ಕೈ ಅಡ್ಡ ಹಿಡಿದು ಮುದುಡಿಕೊಳ್ಳುವುದು ಕಲಿಯಬೇಕು. ತಿರುಗಿ ಹೊಡೆಯುವ ಹಾಗಿಲ್ಲ. ಅಹಿಂಸೆ ಎಂದರೆ ಒಳ್ಳೆಯ ಮನಸ್ಸು ಎಂದು ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಇವರು ಅದನ್ನು ಕವಾಯತಿನ ಹಾಗೆ ದಿನಗಟ್ಟಲೆ ಕಲಿತರು.

ಮೇ 13ರಂದು ಬಸ್ಸುಗಳು ಅಟ್ಲಾಂಟಾ ಮುಟ್ಟಿದವು. ಅಷ್ಟರಲ್ಲಿ ದಕ್ಷಿಣ ಕ್ಯಾರೊಲಿನಾದ ರಾಕ್ ಹಿಲ್‌ನಲ್ಲಿ ಜಾನ್ ಲೂಯಿಸ್ ಏಟು ತಿಂದಾಗಿತ್ತು. ಆಗ ಅವರಿಗೆ 21 ವರ್ಷ. ರಾತ್ರಿ ಎಲ್ಲರೂ ಕಿಂಗ್ ಜೊತೆ ಊಟ ಮಾಡಿದರು. ಜೊತೆಗಿದ್ದ ಪತ್ರಕರ್ತ ಸಿಮಿಯನ್ ಬುಕರ್ ಅವರಿಗೆ ಕಿಂಗ್ ಮೆಲ್ಲಗೆ ಹೇಳಿದರಂತೆ, ನೀವು ಅಲಬಾಮಾ ದಾಟುವುದು ಕಷ್ಟ ಅಂತ.

ಗುರುವಾರ, ಆನಿಸ್ಟನ್

ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ಗಂಟೆಯನ್ನು ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿಯುತ್ತಾ ಕಳೆದೆವು.

ಆನಿಸ್ಟನ್ ಚಿಕ್ಕ ಊರು. ಗರ್ನೀ ಅವೆನ್ಯೂದಲ್ಲಿ ಹಳೇ ಗ್ರೇಹೌಂಡ್ ನಿಲ್ದಾಣವಿದೆ. ನಿಲ್ದಾಣ ಅಂದರೆ ಇಷ್ಟೇನಾ ಅನ್ನಿಸುವಷ್ಟು ಪುಟ್ಟದು. ಪಕ್ಕದ ಗೋಡೆಯ ಮೇಲೆ ಬಸ್ಸಿನ ಚಿತ್ರ ಬರೆದಿದ್ದಾರೆ. 2017ರ ಜನವರಿಯಲ್ಲಿ, ಅಧಿಕಾರ ಬಿಡುವ ಕೆಲವೇ ದಿನ ಮುಂಚೆ, ಒಬಾಮಾ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು.

ಮೇ 14 ಭಾನುವಾರ. ಅಮೆರಿಕದಲ್ಲಿ ಅಮ್ಮಂದಿರ ದಿನ. ಗ್ರೇಹೌಂಡ್ ಬಸ್ಸು ಬಂದಾಗ ನಿಲ್ದಾಣದ ಬಾಗಿಲು ಹಾಕಿತ್ತು. ಹೊರಗೆ ಜನ ಕಬ್ಬಿಣದ ಪೈಪು, ಸರಪಳಿ ಹಿಡಿದು ಕಾಯುತ್ತಿದ್ದರು. ಗಾಜು ಒಡೆದರು. ಟಯರಿಗೆ ಚಾಕು ಹಾಕಿದರು. ಪೊಲೀಸರು ತಡವಾಗಿ ಬಂದು, ಬಸ್ಸನ್ನು ಊರ ಗಡಿಯವರೆಗೆ ಬಿಟ್ಟು, ವಾಪಸ್ ಹೋದರು. ಹಿಂದೆ ಸಾಲಾಗಿ ಕಾರುಗಳು ಬರುತ್ತಲೇ ಇದ್ದವು.

ಆ ದಾರಿಯಲ್ಲೇ ನಾವೂ ಹೋದೆವು. ಊರಾಚೆ ಕೆಲವು ಮೈಲಿ ದೂರದಲ್ಲಿ, ಫೋರ್ಸೈತ್ ಎಂಬ ಕುಟುಂಬದ ದಿನಸಿ ಅಂಗಡಿಯ ಎದುರು, ಟಯರಿನ ಗಾಳಿಯೆಲ್ಲ ಹೋಗಿ ಬಸ್ಸು ನಿಂತಿತು. ಯಾರೋ ಒಡೆದ ಕಿಟಕಿಯಿಂದ ಉರಿಯುವ ಗಂಟೊಂದನ್ನು ಒಳಗೆ ಎಸೆದರು. ಬಸ್ಸು ಹೊಗೆಯಿಂದ ತುಂಬಿತು. ಹೊರಗಿನವರು ಬಾಗಿಲು ಒತ್ತಿ ಹಿಡಿದಿದ್ದರು, ಒಳಗಿದ್ದವರು ಜೀವಂತ ಸುಟ್ಟುಹೋಗಲಿ ಅಂತ. ಡೀಸೆಲ್ ಟ್ಯಾಂಕಿನಲ್ಲಿ ಸಿಡಿತ ಕೇಳಿದಾಗ ಆ ಗುಂಪು ಹೆದರಿ ಹಿಂದೆ ಸರಿಯಿತು. ಅದೇ ಬಸ್ಸಿನಲ್ಲಿ ಮಫ್ತಿಯಲ್ಲಿದ್ದ ಅಲಬಾಮಾದ ಪೊಲೀಸ್ ಅಧಿಕಾರಿ ಎಲ್ ಕೌಲಿಂಗ್ ಪಿಸ್ತೂಲು ಹಿಡಿದು ಜನರನ್ನು ತಡೆದರು. ಎಲ್ಲರೂ ಕೆಮ್ಮುತ್ತಾ, ತೆವಳುತ್ತಾ ಹೊರಬಿದ್ದರು. ಹೊರಬಿದ್ದವರಿಗೂ ಏಟು ತಪ್ಪಲಿಲ್ಲ. ಆದರೆ ಯಾರೂ ಸಾಯಲಿಲ್ಲ.

ಆ ಅಂಗಡಿಯವರ ಮಗಳು ಜೇನೀಗೆ ಆಗ 12 ವರ್ಷ. ಗುಂಪಿನ ನಡುವೆಯೇ ನುಗ್ಗಿ, ಹುಲ್ಲಿನ ಮೇಲೆ ಬಿದ್ದವರಿಗೆ ನೀರು ತಂದು ಕೊಟ್ಟಳು. ಒಳಗೆ ಹೋಗುವುದು, ತುಂಬಿಸುವುದು, ಮತ್ತೆ ತರುವುದು. ಆಮೇಲೆ ಊರಿನವರು ಅವಳನ್ನು ದೂರ ಇಟ್ಟರು. ತರಬೇತಿ ಇಲ್ಲದೆಯೂ ಸರಿ ಕಂಡದ್ದನ್ನು ಮಾಡುವವರು ಇರುತ್ತಾರೆ, ನಿನ್ನೆ ಬರೆದದ್ದಕ್ಕೆ ಇದನ್ನೂ ಸೇರಿಸಬೇಕು.

ಈಗ ಅಲ್ಲಿ ಒಂದು ಫಲಕ, ಹುಲ್ಲು, ಪಕ್ಕದಲ್ಲಿ ಓಡುವ ಲಾರಿಗಳು. ತಂಗಿಯ ಮಗ ಕಾರಿನಿಂದ ಇಳಿದವನು ಫಲಕವನ್ನು ಪೂರ್ತಿ ಓದಿದ. "ಹದಿನೈದು ವರ್ಷದಿಂದ ಇದೇ ಹೈವೇ ಪಕ್ಕ ಓಡಾಡ್ತಿದೀನಿ, ಯಾರೂ ಹೇಳಲೇ ಇಲ್ಲ ನೋಡು" ಎಂದ.

ಶುಕ್ರವಾರ, ಬರ್ಮಿಂಗ್‌ಹ್ಯಾಮ್

ಎರಡನೇ ಬಸ್ಸು, ಅಂದರೆ ಟ್ರೈಲ್‌ವೇಸ್, ಅದೇ ಭಾನುವಾರ ಇಲ್ಲಿಗೆ ಬಂತು. ಆನಿಸ್ಟನ್‌ನಲ್ಲಿ ಹತ್ತಿದ, ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘದವರು ದಾರಿಯುದ್ದಕ್ಕೂ ಒಳಗೇ ಹೊಡೆದಿದ್ದರು. ನಿಲ್ದಾಣದಲ್ಲಿ ಇನ್ನಷ್ಟು ಜನ ಕಾಯುತ್ತಿದ್ದರು. ನಗರದ ಪೊಲೀಸ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಬುಲ್ ಕಾನರ್ ಈ ಕ್ಲಾನ್‌ನವರಿಗೆ ಮೊದಲೇ ಹದಿನೈದು ನಿಮಿಷ ಕೊಟ್ಟಿದ್ದರು. ಅಷ್ಟು ಹೊತ್ತು ಪೊಲೀಸರು ಆ ಕಡೆ ಸುಳಿಯುವುದಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಸಿಕ್ಕ ಉತ್ತರ: ಅಮ್ಮಂದಿರ ದಿನ, ಸಿಬ್ಬಂದಿ ರಜೆಯಲ್ಲಿದ್ದರು. ಕ್ಲಾನ್ ಒಳಗಿದ್ದ ತನ್ನದೇ ಮಾಹಿತಿದಾರನಿಂದ ಎಫ್‌ಬಿಐಗೆ ಎಲ್ಲ ಗೊತ್ತಿತ್ತು. ಅದೂ ಬಸ್ಸಿನಲ್ಲಿದ್ದವರಿಗೆ ತಿಳಿಸಲಿಲ್ಲ. ಜೇಮ್ಸ್ ಪೆಕ್ ಎಂಬ ಬಿಳಿಯ ಕಾರ್ಯಕರ್ತನ ತಲೆಗೆ 50ಕ್ಕೂ ಹೆಚ್ಚು ಹೊಲಿಗೆ ಬಿತ್ತು.

ಆ ನಿಲ್ದಾಣ ಈಗಿಲ್ಲ. ನಾಗರಿಕ ಹಕ್ಕುಗಳ ಸಂಸ್ಥೆಯ ಮ್ಯೂಸಿಯಂನಲ್ಲಿ ಸುಟ್ಟ ಬಸ್ಸಿನ ಪ್ರತಿಕೃತಿ ಇದೆ. ಎದುರಿನ ಕೆಲ್ಲಿ ಇನ್‌ಗ್ರಾಂ ಪಾರ್ಕಿನಲ್ಲಿ ಹಲ್ಲು ಕಿರಿದು ಮೇಲೆರಗುವ ಪೊಲೀಸ್ ನಾಯಿಗಳ ಶಿಲ್ಪ. ಪಕ್ಕದ 16ನೇ ಬೀದಿಯ ಚರ್ಚಿನಲ್ಲಿ 1963ರ ಸೆಪ್ಟೆಂಬರಿನಲ್ಲಿ ಬಾಂಬಿಗೆ ನಾಲ್ವರು ಹುಡುಗಿಯರು ಸತ್ತರು. ಒಂದೇ ಚೌಕದಲ್ಲಿ ಇಷ್ಟೆಲ್ಲ. ಮಧ್ಯಾಹ್ನ ಊಟ ಸೇರಲಿಲ್ಲ.

ಮೊದಲ ತಂಡ ಕೊನೆಗೆ ವಿಮಾನ ಹತ್ತಿ ನ್ಯೂ ಆರ್ಲಿಯನ್ಸಿಗೆ ಹೋಯಿತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲು ಬಿಡದವರು ನ್ಯಾಶ್‌ವಿಲ್‌ನ ಆ ವಿದ್ಯಾರ್ಥಿಗಳು. 23 ವರ್ಷದ ಡಯೇನ್ ನ್ಯಾಶ್ ಅವರ ಲೆಕ್ಕ ಸರಳ. ಹೊಡೆದರೆ ಚಳವಳಿ ನಿಲ್ಲುತ್ತದೆ ಎಂದು ಎದುರಿನವರಿಗೆ ಒಮ್ಮೆ ಗೊತ್ತಾದರೆ, ಮುಂದೆ ಪ್ರತಿ ಸಲ ಹೊಡೆಯುತ್ತಾರೆ. ವಾಷಿಂಗ್ಟನ್‌ನಿಂದ ಫೋನ್ ಬಂತು, ಕಳಿಸಬೇಡಿ, ಹುಡುಗರು ಸಾಯುತ್ತಾರೆ ಅಂತ. ಅವರೆಲ್ಲ ನಿನ್ನೆ ರಾತ್ರಿಯೇ ಉಯಿಲಿಗೆ ಸಹಿ ಹಾಕಿದ್ದಾರೆ ಎಂದು ಆಕೆ ಹೇಳಿದರು. ಪರೀಕ್ಷೆ ಹತ್ತಿರ ಬಂದಿದ್ದ ಕಾಲೇಜು ಮಕ್ಕಳು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ದೊಡ್ಡ ಘಟನೆ ಬಸ್ಸು ಸುಟ್ಟದ್ದಲ್ಲ, ಇದು.

ಮೇ 17ರಂದು ಹತ್ತು ಜನ ಬಂದರು. ಕಾನರ್ ಈ ವಿದ್ಯಾರ್ಥಿಗಳನ್ನು ಹಿಡಿದು ಜೈಲಿಗೆ ಹಾಕಿದರು. ಒಂದು ರಾತ್ರಿ ಅವರಲ್ಲಿ ಕೆಲವರನ್ನು ಕಾರಿನಲ್ಲಿ ಕೂರಿಸಿಕೊಂಡು ಟೆನೆಸ್ಸಿ ಗಡಿಯವರೆಗೆ ಹೋಗಿ, ಕತ್ತಲಲ್ಲಿ ರಸ್ತೆ ಬದಿ ಇಳಿಸಿ ಬಂದರು. ಅವರು ವಯಸ್ಸಾದ ದಂಪತಿಯ ಮನೆ ಬಾಗಿಲು ತಟ್ಟಿ, ಅಲ್ಲಿಂದ ನ್ಯಾಶ್‌ಗೆ ಫೋನ್ ಮಾಡಿ, ಕಾರು ತರಿಸಿಕೊಂಡು, ಮರುದಿನ ಬರ್ಮಿಂಗ್‌ಹ್ಯಾಮ್ ಬಸ್ ನಿಲ್ದಾಣಕ್ಕೇ ವಾಪಸ್ ಬಂದರು!

ಶನಿವಾರ, ಮಾಂಟ್‌ಗೊಮರಿ

ಇಲ್ಲಿಗೆ ಮಾತ್ರ ಬಸ್ಸಿನಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದೆ. ತಂಗಿಯ ಮಗ ಕಾರು ತಗೊಂಡು ಮುಂದೆ ಹೋದ. ಬೆಳಗಿನ ಬಸ್ಸು. ಕೂತವರಲ್ಲಿ ಹೆಚ್ಚಿನವರು ಕಪ್ಪುವರ್ಣದವರು, ಒಂದಷ್ಟು ಸ್ಪ್ಯಾನಿಷ್ ಮಾತಾಡುವವರು, ಮೊಬೈಲಿನಲ್ಲಿ ಮುಳುಗಿದ ಒಬ್ಬ ಬಿಳಿ ಹುಡುಗ. ಕಾರಿಲ್ಲದವರ ಬಸ್ಸು. ನಾನು ಮುಂದಿನ ಸೀಟಿನಲ್ಲಿ ಕೂತೆ. ನಮ್ಮ ಕಡೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮುಂದಿನ ಸೀಟು ಹೆಂಗಸರಿಗೆ ಅಂತ ಬರೆದಿರುತ್ತದಲ್ಲ, ಅದೇ ಅಭ್ಯಾಸ. ಪಕ್ಕ ಕೂತ ಅಜ್ಜಿ ಮಗಳ ಮನೆಗೆ ಹೊರಟಿದ್ದರು. ನಾನು ಎಲ್ಲಿಂದ ಅಂತ ಕೇಳಿದರು, ಇಂಡಿಯಾ ಅಂದೆ, ಬಿಸಿಲು ಅಲ್ಲೂ ಹೀಗೇನಾ ಅಂದರು. ಆಮೇಲೆ ಇಬ್ಬರೂ ತೂಕಡಿಸಿದೆವು.

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಇದೇ ದಕ್ಷಿಣದಲ್ಲಿ ರೈಲು ಹತ್ತಿದ್ದರು. 1941ರ ಸುಮಾರು. ಬಿಳಿಯರ ಡಬ್ಬಿಯಲ್ಲಿ ಕೂತಿದ್ದಾಗ ಟಿಕೆಟ್ ನೋಡುವವನು ಬಂದು ಎದ್ದು ಬೇರೆ ಕಡೆ ಹೋಗಲು ಹೇಳಿದ. ಆಕೆ ಏಳಲಿಲ್ಲ. ಹೋಗಿ ಮತ್ತೆ ಬಂದ, ಯಾವ ದೇಶ ಅಂತ ಕೇಳಿದ. ಇಂಡಿಯಾ ಅಂದುಬಿಟ್ಟರೆ ಬಚಾವ್. ಪರದೇಶದ ಅತಿಥಿ ಎಂದು ಬಿಟ್ಟುಬಿಡುತ್ತಿದ್ದ. ಕಮಲಾದೇವಿ ಆ ದಾರಿ ಹಿಡಿಯಲಿಲ್ಲ. ನಾನು ಕಪ್ಪುಬಣ್ಣದ ಹೆಂಗಸೇ, ಕಾಣುತ್ತಿದೆಯಲ್ಲ, ಇಲ್ಲಿಂದ ಏಳುವುದಿಲ್ಲ ಎಂಬರ್ಥದ ಉತ್ತರ ಕೊಟ್ಟು ಕೂತೇ ಇದ್ದರು. ಸೀರೆ ಉಟ್ಟವರಿಗೆ ರಿಯಾಯಿತಿ ಸಿಗುತ್ತದೆ ಎಂದು ಗೊತ್ತಿದ್ದೂ ಅದನ್ನು ಬೇಡ ಅನ್ನುವುದಿದೆಯಲ್ಲ, ಅದಕ್ಕೆ ಗಟ್ಟಿ ಜೀವ ಬೇಕು. ಕರಾವಳಿಯ ಎಷ್ಟು ಶಾಲೆಗಳಲ್ಲಿ ಇದನ್ನು ಹೇಳಿಕೊಡುತ್ತಾರೋ ಏನೋ.

ಮಾಂಟ್‌ಗೊಮರಿಯ ಹಳೇ ಗ್ರೇಹೌಂಡ್ ನಿಲ್ದಾಣ 2011ರಿಂದ ಫ್ರೀಡಂ ರೈಡ್ಸ್ ಮ್ಯೂಸಿಯಂ. ಗೋಡೆಯಲ್ಲಿ ಒಂದು ಕಡೆ ಇಟ್ಟಿಗೆ ಕಟ್ಟಿ ಮುಚ್ಚಿದ ಬಾಗಿಲಿನ ಗುರುತಿದೆ. ಕಪ್ಪುವರ್ಣದವರು ಒಳಗೆ ಹೋಗಬೇಕಿದ್ದ ಬಾಗಿಲು ಅದು. ಪಕ್ಕದಲ್ಲೇ, ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲಿ, ಫೆಡರಲ್ ಕೋರ್ಟು. ಮೇ 20ರಂದು ವಿದ್ಯಾರ್ಥಿಗಳ ಬಸ್ಸು ಇಲ್ಲಿಗೆ ಬಂದಾಗ ಹೆದ್ದಾರಿಯಲ್ಲಿ ಜೊತೆಗಿದ್ದ ಪೊಲೀಸರು ಊರೊಳಗೆ ಮಾಯವಾಗಿದ್ದರು. ಮೊದಲು ಇಳಿದವರಲ್ಲಿ ಒಬ್ಬ ಜಿಮ್ ಜ್ವರ್ಗ್, ವಿಸ್ಕಾನ್ಸಿನ್‌ನ ಬಿಳಿ ಹುಡುಗ. ಬಿಳಿಯನಾಗಿ ಇವರ ಜೊತೆ ಬಂದದ್ದಕ್ಕೆ ಅವನಿಗೆ ಜಾಸ್ತಿ ಏಟು. ಜಾನ್ ಲೂಯಿಸ್ ಪ್ರಜ್ಞೆ ತಪ್ಪಿ ಬಿದ್ದರು. ಅಧ್ಯಕ್ಷ ಕೆನಡಿಯ ಸರ್ಕಾರ ಕಳಿಸಿದ್ದ ಜಾನ್ ಸೀಗೆಂಥೇಲರ್ ಎಂಬ ಅಧಿಕಾರಿಯ ತಲೆಗೇ ಪೈಪಿನ ಏಟು ಬಿತ್ತು. ಪಕ್ಕದ ಸರ್ಕಾರಿ ಕಟ್ಟಡದ ಕಿಟಕಿಯಿಂದ ಜಾನ್ ಡೋರ್ ಎಂಬ ವಕೀಲ ಎಲ್ಲವನ್ನೂ ಫೋನಿನಲ್ಲಿ ವಾಷಿಂಗ್ಟನ್‌ಗೆ ವರದಿ ಮಾಡುತ್ತಿದ್ದರು. ನ್ಯಾಯಾಲಯದ ನೆರಳಿನಲ್ಲೇ ಇಷ್ಟೂ ನಡೆಯಿತು.

ಭಾನುವಾರ, ಮಾಂಟ್‌ಗೊಮರಿ

ಬೆಳಿಗ್ಗೆ ನಡೆಯಲು ಹೊರಟೆ. ಈ ಊರನ್ನು ನಡೆದೇ ನೋಡಬೇಕು. 1955ರ ಡಿಸೆಂಬರ್ 5ರಿಂದ 381 ದಿನ ಇಲ್ಲಿನ ಕಪ್ಪುವರ್ಣದ ಜನ ಸಿಟಿ ಬಸ್ ಹತ್ತಲಿಲ್ಲ. ಬಸ್ಸಿನ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಅವರೇ.

ರೋಸಾ ಪಾರ್ಕ್ಸ್ ಹೆಸರು ಎಲ್ಲರಿಗೂ ಗೊತ್ತು. ಸುಸ್ತಾದ ದರ್ಜಿ ಹೆಂಗಸು ಒಂದು ದಿನ ಸೀಟು ಬಿಡಲಿಲ್ಲ ಎಂಬ ಕಥೆ ನಮ್ಮ ಮಕ್ಕಳ ಪುಸ್ತಕಗಳಲ್ಲೂ ಬಂದಿದೆ. ನನಗೆ ಆ ಕಥೆ ಇಷ್ಟವಿಲ್ಲ. ಆಕೆ ಹಕ್ಕುಗಳ ಸಂಘಟನೆಯಲ್ಲಿ ವರ್ಷಗಟ್ಟಲೆ ಕಾರ್ಯದರ್ಶಿಯಾಗಿದ್ದವರು. ಅದೇ ಡ್ರೈವರ್ 1943ರಲ್ಲೇ ಆಕೆಯನ್ನು ಬಸ್ಸಿನಿಂದ ಇಳಿಸಿದ್ದ. ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಇಳಿದು, ಹಿಂದಿನ ಬಾಗಿಲಿಂದ ಹತ್ತಬೇಕೆಂಬ ನಿಯಮಕ್ಕೆ ಆಕೆ ಒಪ್ಪಿರಲಿಲ್ಲ. ಆಕೆಗಿಂತ ಒಂಬತ್ತು ತಿಂಗಳು ಮುಂಚೆ, 15 ವರ್ಷದ ಕ್ಲಾಡೆಟ್ ಕಾಲ್ವಿನ್ ಎಂಬ ಹುಡುಗಿ ಸೀಟು ಬಿಡದೆ ಜೈಲಿಗೆ ಹೋಗಿದ್ದಳು. ಪಾರ್ಕ್ಸ್ ಬಂಧನವಾದ ರಾತ್ರಿ ಜೋ ಆ್ಯನ್ ರಾಬಿನ್‌ಸನ್ ಎಂಬ ಕಾಲೇಜು ಅಧ್ಯಾಪಕಿ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಾವಿರಾರು ಕರಪತ್ರ ತೆಗೆದರು, ಬೆಳಗಿನವರೆಗೆ. ಸ್ಟೆನ್ಸಿಲ್ ಕತ್ತರಿಸಿ, ಮಸಿ ಬಳಿದು, ಹಿಡಿಕೆ ತಿರುಗಿಸಿದವರಿಗೆ ಗೊತ್ತು ಅದರ ಕಷ್ಟ.

ಆಮೇಲಿನದೆಲ್ಲ ಬರೀ ವ್ಯವಸ್ಥೆ. ಟ್ಯಾಕ್ಸಿಯವರು ಬಸ್ಸಿನಷ್ಟೇ, ಹತ್ತು ಸೆಂಟು ತಗೊಂಡರು. ಆಡಳಿತ ಕನಿಷ್ಠ ಬಾಡಿಗೆಯ ನಿಯಮ ತೋರಿಸಿ ಅದನ್ನು ನಿಲ್ಲಿಸಿತು. ಆಗ ಮನೆಮನೆಯ ಕಾರುಗಳನ್ನು ಸೇರಿಸಿ, ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಪಟ್ಟಿ ಮಾಡಿದರು. ಕಾರುಗಳ ವಿಮೆ ರದ್ದಾಯಿತು. ಲಂಡನ್ನಿನ ಲಾಯ್ಡ್ಸ್ ಮೂಲಕ ವಿಮೆ ಮಾಡಿಸಿದರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಮತ್ತು ಆಕೆಯ ಗೆಳತಿಯರು ಕೋಳಿ ಹುರಿದು, ಕೇಕು ಬೇಯಿಸಿ ಮಾರಿ ಪೆಟ್ರೋಲಿಗೆ ದುಡ್ಡು ತಂದರು. ಅವರಲ್ಲಿ ಮನೆಗೆಲಸದವರೇ ಹೆಚ್ಚು, ಹೆಸರು ಗೊತ್ತಾದರೆ ಕೆಲಸ ಹೋಗುತ್ತದೆ. ಅದಕ್ಕೇ ತಮ್ಮ ಕೂಟಕ್ಕೆ 'ಎಲ್ಲಿಯದೂ ಅಲ್ಲದ ಕ್ಲಬ್' ಎಂಬರ್ಥದ ಹೆಸರಿಟ್ಟುಕೊಂಡಿದ್ದರು. ಇನ್ನೊಂದು ಮಾತು. ಮೊದಮೊದಲು ಅವರ ಬೇಡಿಕೆ ಬೇರ್ಪಡೆ ಪೂರ್ತಿ ಹೋಗಲಿ ಎಂದಾಗಿರಲಿಲ್ಲ. ನಾವು ಹಿಂದಿನಿಂದ ತುಂಬುತ್ತೇವೆ, ಕೂತವರನ್ನು ಎಬ್ಬಿಸಬೇಡಿ, ಮರ್ಯಾದೆಯಿಂದ ಮಾತಾಡಿಸಿ, ನಮ್ಮ ಬಡಾವಣೆಯ ಬಸ್ಸಿಗೆ ನಮ್ಮ ಡ್ರೈವರ್ ಹಾಕಿ, ಇಷ್ಟೇ. ಅದನ್ನೂ ಕೊಡದ ಹಟವೇ ಕೊನೆಗೆ ಎಲ್ಲವನ್ನೂ ಕಳೆದುಕೊಂಡಿತು. ಕಾಲ್ವಿನ್ ಸೇರಿ ನಾಲ್ವರು ಹೆಂಗಸರು ಫಿರ್ಯಾದಿಗಳಾಗಿದ್ದ ಕೇಸಿನಲ್ಲಿ 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ನಿಯಮವನ್ನೇ ರದ್ದು ಮಾಡಿತು.

ನಡೆಯುತ್ತಾ ರಿಪ್ಲಿ ಬೀದಿಯ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿಗೆ ಬಂದೆ. ಒಳಗೆ ಹಾಡು ನಡೆದಿತ್ತು. 1961ರ ಮೇ 21ರ ರಾತ್ರಿ ಸುಮಾರು 1,500 ಜನ ಇದರೊಳಗೆ ಸಿಕ್ಕಿಬಿದ್ದಿದ್ದರು. ಹೊರಗೆ ಕಲ್ಲು, ಬೆಂಕಿ, ಅಶ್ರುವಾಯು. ಒಳಗೆ ಸೆಕೆ, ಮಕ್ಕಳ ಅಳು. ಬೆಳಗಾಗುವವರೆಗೆ ಮನೆಗೆ ಹೋಗಲಾಗಲಿಲ್ಲ.

ಸೋಮವಾರ, ಸೆಲ್ಮಾ ದಾರಿ

ದಿನವಿಡೀ ಕಾರು. ಸೆಲ್ಮಾದಲ್ಲಿ ಎಡ್ಮಂಡ್ ಪೆಟಸ್ ಸೇತುವೆ ದಾಟಿದೆವು. ಅದು 1965ರ ಬೇರೆ ಕಥೆ. ಆದರೆ ನಿಲ್ದಾಣದ ಹೋಟೆಲ್ಲಿನ ತೀರ್ಪಿಗೆ ಕಾರಣನಾದ ಬ್ರೂಸ್ ಬಾಯ್ಂಟನ್ ಇದೇ ಊರಿನವರು. ಕಾನೂನು ಓದುತ್ತಿದ್ದಾಗ, 1958ರಲ್ಲಿ, ಊರಿಗೆ ಬರುವ ದಾರಿಯಲ್ಲಿ ರಿಚ್ಮಂಡ್ ನಿಲ್ದಾಣದ ಬಿಳಿಯರ ಕಡೆ ಕೂತು ಒಂದು ಚೀಸ್‌ಬರ್ಗರ್, ಒಂದು ಟೀ ಕೇಳಿದ್ದರು. ಕೈಗೆ ಬೇಡಿ ಬಿತ್ತು. ಹತ್ತು ಡಾಲರ್ ದಂಡ.

ಮಂಗಳವಾರ, ಜಾಕ್ಸನ್

ಇಲ್ಲಿ ಗುಂಪು ಹೊಡೆಯಲಿಲ್ಲ. ಕೆನಡಿ ಸರ್ಕಾರಕ್ಕೂ ಮಿಸಿಸಿಪ್ಪಿಯವರಿಗೂ ಒಳಒಪ್ಪಂದವಾಗಿತ್ತು. ದೊಂಬಿ ಬೇಡ, ಬೇಕಾದರೆ ಬಂಧಿಸಿ. ಮೇ 24ರಂದು ಎರಡು ಬಸ್ಸಿನಲ್ಲಿ ಬಂದ 27 ಜನ ಕಾಯುವ ಕೋಣೆಗೆ ಹೋದ ಹಾಗೇ ಪೊಲೀಸ್ ವ್ಯಾನು ಸೇರಿದರು. ಆರೋಪ, ಶಾಂತಿಭಂಗ. ಲಾಮಾರ್ ಬೀದಿಯ ಆ ನಿಲ್ದಾಣ ಇನ್ನೂ ಚಂದ ಇದೆ. ಅದರೊಳಗೆ ಈಗ ವಾಸ್ತುಶಿಲ್ಪಿಗಳ ಕಚೇರಿ.

ಆ ಬೇಸಿಗೆಯಿಡೀ ಬಸ್ಸು, ರೈಲಿನಲ್ಲಿ ಜನ ಬರುತ್ತಲೇ ಇದ್ದರು. 300ಕ್ಕೂ ಹೆಚ್ಚು ಜನರನ್ನು ಹಿಡಿದರು. ಜಾಮೀನು ಬೇಡ ಎಂದರು. ಜೈಲು ತುಂಬಿ ಪಾರ್ಚ್‌ಮನ್ ಸೆರೆಮನೆಗೆ ಸಾಗಿಸಿದರು. ಅಲ್ಲಿ ಹಾಡು ಹೇಳಿದರೆ ಹಾಸಿಗೆ ಕಿತ್ತುಕೊಳ್ಳುತ್ತಿದ್ದರು. ಹಾಸಿಗೆ ಕೊಟ್ಟು ಹಾಡಿದರು. ಮೇಲ್ಮನವಿಗೆ 40 ದಿನದ ಗಡುವು ಇತ್ತು. ಹಾಗಾಗಿ 39 ದಿನ ಒಳಗಿದ್ದು ಆಮೇಲೆ ಹೊರಬರುವುದು ಎಂದು ಲೆಕ್ಕ ಹಾಕಿದ್ದರು. ಈ ಲೆಕ್ಕ ಓದಿ ನನಗೆ ನಗು ಬಂತು, ಕಚೇರಿಯವರು ಕಚೇರಿಯವರನ್ನು ಗುರುತಿಸಿದ ಹಾಗೆ. ಮಿಸಿಸಿಪ್ಪಿ ನಾಗರಿಕ ಹಕ್ಕುಗಳ ಮ್ಯೂಸಿಯಂನಲ್ಲಿ ಅವರ ಪೊಲೀಸ್ ಫೋಟೊಗಳನ್ನು ಗೋಡೆಗೆ ಹಾಕಿದ್ದಾರೆ. ಎದೆ ಮೇಲೆ ನಂಬರಿನ ಹಲಗೆ. ಕೆಲವರು ಮುಗುಳ್ನಗುತ್ತಿದ್ದಾರೆ. ಒಬ್ಬೊಬ್ಬರದೂ ನೋಡುತ್ತಾ ಅಲ್ಲೇ ತುಂಬಾ ಹೊತ್ತು ಕಳೆದೆ.

1961ರ ಸೆಪ್ಟೆಂಬರಿನಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಆದೇಶ ಹೊರಡಿಸಿತು. ನವೆಂಬರ್ 1ರಿಂದ ಜಾರಿ. ನಿಲ್ದಾಣಗಳ ಬೋರ್ಡುಗಳು ಇಳಿದವು. ಮೊದಲ ತೀರ್ಪಿನಿಂದ ಲೆಕ್ಕ ಹಾಕಿದರೆ 15 ವರ್ಷ.

ಆದರೆ ಅದು ಬಸ್ಸಿಗೆ ಮಾತ್ರ. ಊರೊಳಗಿನ ಹೋಟೆಲ್ಲುಗಳಿಗಲ್ಲ. 1964ರ ಮೇ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಇದೇ ಜಾಕ್ಸನ್‌ಗೆ ಬಂದರು. ಒಂದು ಕೆಫೆಟೇರಿಯಾದಲ್ಲಿ ಅವರನ್ನು ಬಾಗಿಲಲ್ಲೇ ತಡೆದರು. ಮರುದಿನ ಧೋತಿ, ಕುರ್ತಾ ಹಾಕಿಕೊಂಡು, ಹೇಳಿಯೇ ಮತ್ತೆ ಹೋದರು. ಪೊಲೀಸರು ಹಿಡಿದರು. ವಾಷಿಂಗ್ಟನ್ ಕ್ಷಮೆ ಕೇಳಿತು. ಕ್ಷಮೆಯನ್ನು ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಕೇಳಿ ಎಂಬಂಥ ಮಾತು ಹೇಳಿದರಂತೆ ಲೋಹಿಯಾ. ಐದು ವಾರ ಕಳೆದು, ಜುಲೈ 2ರಂದು, ಹೋಟೆಲ್ಲುಗಳಿಗೂ ಅನ್ವಯವಾಗುವ ನಾಗರಿಕ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಬಿತ್ತು.

"ಲೋಹಿಯಾ ಅಂದ್ರೆ ಯಾರು ದೊಡ್ಡಮ್ಮ?" ಎಂದು ತಂಗಿಯ ಮಗ ವಾಪಸ್ ಹೊರಟಾಗ ಕೇಳಿದ. ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದ ಹುಡುಗ! ಕಾಗೋಡಿನ ಗೇಣಿದಾರರ ಸತ್ಯಾಗ್ರಹದ ಕಥೆ ಶುರು ಮಾಡಿದೆ. 1951, ಕೊಳಗದ ಅಳತೆ, ಗೋಪಾಲಗೌಡರು, ಸಾಗರಕ್ಕೆ ಬಂದು ಬಂಧನವಾದ ಲೋಹಿಯಾ. ಮೆರಿಡಿಯನ್ ಎಂಬ ಊರು ದಾಟುವಾಗ ಉಳುವವನೇ ಹೊಲದೊಡೆಯ ಕಾನೂನಿಗೆ ಬಂದಿದ್ದೆ.

"ಅದು ಯಾವಾಗ ಬಂತು?"

"1974."

"ಅರ್ಜಿ ಹಾಕಿದವರಿಗೆಲ್ಲ ಜಮೀನು ಸಿಕ್ತಾ?"

"ಎಲ್ಲರಿಗೂ ಇಲ್ಲ" ಅಂದೆ. ಫಾರಂ ನಂಬರ್ 7 ಅಂದರೆ ಏನು, ಅದನ್ನು ತುಂಬಲು ಒಕ್ಕಲಿನವರು ಯಾಕೆ ಹೆದರುತ್ತಿದ್ದರು, ಗಡುವಿನೊಳಗೆ ಕೊಡದವರ ಗತಿ ಏನಾಯಿತು ಎಂದು ಹೇಳತೊಡಗಿದೆ. ಅಟ್ಲಾಂಟಾ ಇನ್ನೂ ನಾಲ್ಕೂವರೆ ಗಂಟೆ ದಾರಿಯಿತ್ತು.